ಸಂತರ ಕಥೆ ನಿಜವೇ ಎಂದು ಕೇಳಿದವರು

ಸಂತ ಮಾರ್ಟಿನ್ ಎಂದರೆ ಕ್ರೈಸ್ತ ಜಗತ್ತಿಗೆ ಮೊದಲು ನೆನಪಾಗುವುದು ಅವನ ಮೇಲಂಗಿ. ಕೊರೆಯುವ ಚಳಿಯಲ್ಲಿ ಊರ ಬಾಗಿಲ ಬಳಿ ನಡುಗುತ್ತಿದ್ದ ಭಿಕ್ಷುಕನಿಗೆ ಅದನ್ನು ಕತ್ತಿಯಿಂದ ಸೀಳಿ ಅರ್ಧ ಕೊಟ್ಟ ಸೈನಿಕ ಅವನು. ಆದರೆ ಅವನ ಚರಿತ್ರೆಯಲ್ಲಿ ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ಪ್ರಸಂಗವಿದೆ. ಮಾರ್ಟಿನ್ ಮುಂದೆ ಫ್ರಾನ್ಸಿನ ತೂರ್ ನಗರದ ಬಿಷಪ್ ಆದ. ಅವನ ಆಶ್ರಮದ ಹತ್ತಿರವೇ ಒಂದು ಸಮಾಧಿಯಿತ್ತು. ಧರ್ಮಕ್ಕಾಗಿ ಪ್ರಾಣ ಕೊಟ್ಟ ಯಾರೋ ರಕ್ತಸಾಕ್ಷಿಯ ಸಮಾಧಿ ಅದೆಂದು ಜನ ನಂಬಿದ್ದರು. ಹಿಂದಿನ ಬಿಷಪ್ಪರೇ ಅಲ್ಲಿ ಬಲಿಪೀಠ ಕಟ್ಟಿಸಿದ್ದರೆಂದು ಹೇಳುತ್ತಿದ್ದರು. ಮಾರ್ಟಿನ್ ಆ ನಂಬಿಕೆಯನ್ನು ಒಪ್ಪಲೂ ಇಲ್ಲ, ಹಳಿಯಲೂ ಇಲ್ಲ. ಊರಿನ ಹಿರಿಯ ಗುರುಗಳನ್ನು ಕರೆದು, ಈ ರಕ್ತಸಾಕ್ಷಿಯ ಹೆಸರೇನು, ಸತ್ತದ್ದು ಯಾವಾಗ ಎಂದು ವಿಚಾರಿಸಿದ. ಖಚಿತವಾದ ಉತ್ತರ ಯಾರಿಂದಲೂ ಬರಲಿಲ್ಲ. ಕೆಲವು ಕಾಲ ಅವನು ಆ ಜಾಗಕ್ಕೆ ಹೋಗದೆ ದೂರ ಉಳಿದ. ಒಂದು ದಿನ ಕೆಲವು ಸೋದರ ಸನ್ಯಾಸಿಗಳನ್ನು ಕರೆದುಕೊಂಡು ಹೋಗಿ, ಸಮಾಧಿಯ ಮೇಲೆ ನಿಂತು, ಇಲ್ಲಿ ಹೂತಿರುವುದು ಯಾರನ್ನು ಎಂದು ತಿಳಿಸುವಂತೆ ದೇವರನ್ನು ಪ್ರಾರ್ಥಿಸಿದ. ಎಡಗಡೆ ಒಂದು ಕರಾಳ ಛಾಯೆ ಕಾಣಿಸಿಕೊಂಡು, ತಾನು ದರೋಡೆಕೋರ, ಮಾಡಿದ ಪಾಪಕ್ಕಾಗಿ ತಲೆ ಕಳೆದುಕೊಂಡವನು, ಜನ ತಪ್ಪು ತಿಳಿದು ತನ್ನನ್ನು ಪೂಜಿಸುತ್ತಿದ್ದಾರೆ ಎಂದು ಒಪ್ಪಿಕೊಂಡಿತಂತೆ. ಮಾರ್ಟಿನ್ ಬಲಿಪೀಠವನ್ನು ಅಲ್ಲಿಂದ ತೆಗೆಸಿದ.

ಇದನ್ನು ಬರೆದವನು ಅವನ ಶಿಷ್ಯ ಸುಲ್ಪೀಷಿಯಸ್ ಸೆವೆರಸ್. ಮಾರ್ಟಿನ್ ತೀರಿಕೊಂಡದ್ದು 397ರಲ್ಲಿ. ಈ ಚರಿತ್ರೆ ಅವನು ಬದುಕಿದ್ದಾಗಲೇ ಸಿದ್ಧವಾಗಿತ್ತು. ಛಾಯೆ ಬಂದು ಮಾತಾಡಿತು ಎಂಬುದನ್ನು ಇಂದಿನ ಓದುಗ ಸಾಕ್ಷ್ಯವೆಂದು ಎಣಿಸಲಾರ. ಆದರೆ ಛಾಯೆ ಬರುವುದಕ್ಕೆ ಮುಂಚೆ ನಡೆದ ವಿಚಾರಣೆಯನ್ನು ನೋಡಿ. ಹೆಸರು ಯಾವುದು, ಕಾಲ ಯಾವುದು, ಇದನ್ನು ಹೇಳಿದವರು ಯಾರು? ಇತಿಹಾಸಕಾರ ಕೇಳುವ ಪ್ರಶ್ನೆಗಳು ಇವೇ. ಅವನ್ನು ಕೇಳುತ್ತಿರುವವನು ಧರ್ಮದ ಹೊರಗಿನವನಲ್ಲ, ಸ್ವತಃ ಒಬ್ಬ ಸಂತ. ಸಂತರ ಕಥೆಗಳ ಮಾತು ಬಂದಾಗಲೆಲ್ಲ ನಾವು ಜನರನ್ನು ಎರಡು ಗುಂಪು ಮಾಡಿಬಿಡುತ್ತೇವೆ: ಎಲ್ಲವನ್ನೂ ನಂಬುವ ಭಕ್ತರು ಒಂದು ಕಡೆ, ಎಲ್ಲವನ್ನೂ ಶಂಕಿಸುವ ವಿಚಾರವಂತರು ಇನ್ನೊಂದು ಕಡೆ. ಈ ವಿಂಗಡಣೆ ತಪ್ಪೆಂದು ವಾದಿಸುವುದೇ ನನ್ನ ಈ ಭಾಷಣದ ಉದ್ದೇಶ. ಸಂತರ ಕಥೆ ನಿಜವೇ ಎಂದು ಅತ್ಯಂತ ಕಠಿಣವಾಗಿ ಕೇಳಿದವರು ಸಂತರನ್ನು ಅತ್ಯಂತ ಗೌರವಿಸಿದವರೇ. ಹಾಗೆ ಕೇಳದೆ ಬಿಟ್ಟಲ್ಲೆಲ್ಲ ನಷ್ಟವಾದದ್ದು ಮೊದಲು ಆ ಸಂತರಿಗೇ.

ಮೊದಲ ಕಾಲದ ದಾಖಲೆಗಳಿಂದ ಪ್ರಾರಂಭಿಸೋಣ. ಉತ್ತರ ಆಫ್ರಿಕದ ಕಾರ್ತೇಜ್ ನಗರದಲ್ಲಿ 180ರ ಜುಲೈ 17ರಂದು ಸ್ಕಿಲ್ಲಿ ಎಂಬ ಊರಿನ ಹನ್ನೆರಡು ಮಂದಿ ಕ್ರೈಸ್ತರನ್ನು ರೋಮನ್ ಅಧಿಕಾರಿ ಸಾಟರ್ನಿನಸ್‌ನ ಮುಂದೆ ನಿಲ್ಲಿಸಿದರು. ಆ ವಿಚಾರಣೆಯ ವರದಿ ಉಳಿದಿದೆ. ಒಂದೆರಡು ಪುಟದಷ್ಟು ಮಾತ್ರ. ಅಧಿಕಾರಿ ಒರಟನಲ್ಲ. ಯೋಚಿಸಲು ಮೂವತ್ತು ದಿನ ತೆಗೆದುಕೊಳ್ಳಿ ಎನ್ನುತ್ತಾನೆ. ನಿಮ್ಮ ಪೆಟ್ಟಿಗೆಯಲ್ಲೇನಿದೆ ಎಂದು ಕೇಳುತ್ತಾನೆ. ಗುಂಪಿನ ಪರವಾಗಿ ಮಾತಾಡುವ ಸ್ಪೆರಾಟಸ್, ಪುಸ್ತಕಗಳಿವೆ, ಪೌಲನೆಂಬ ನ್ಯಾಯವಂತನ ಪತ್ರಗಳಿವೆ ಎನ್ನುತ್ತಾನೆ. ಯಾರೂ ಗಡುವು ಕೇಳುವುದಿಲ್ಲ. ತೀರ್ಪು ಓದುತ್ತಾರೆ, ಅವರು ದೇವರಿಗೆ ಕೃತಜ್ಞತೆ ಹೇಳುತ್ತಾರೆ, ಶಿರಚ್ಛೇದವಾಗುತ್ತದೆ. ಕಾದ ಎಣ್ಣೆಯಿಲ್ಲ, ಆಕಾಶವಾಣಿಯಿಲ್ಲ, ನ್ಯಾಯಾಧೀಶ ಹಲ್ಲು ಕಡಿಯುವುದಿಲ್ಲ. ಸತ್ತವರನ್ನು ಕಣ್ಣಾರೆ ಕಂಡವರಿಗಾಗಿ ಬರೆದದ್ದರಿಂದ ಬರೆದವನು ಏನನ್ನೂ ಸೇರಿಸುವ ಅಗತ್ಯ ಕಾಣಲಿಲ್ಲ. ಹೆಸರು, ದಿನ, ಸ್ಥಳ ಇವಿಷ್ಟೇ ಆ ಸಮುದಾಯಕ್ಕೆ ಬೇಕಿದ್ದದ್ದು. ಮಾರ್ಟಿನ್ ತನ್ನೂರಿನ ಗುರುಗಳಿಂದ ಕೇಳಿ ಸಿಗದೆಹೋದದ್ದೂ ಇವೇ.

ಅದೇ ಕಾರ್ತೇಜಿನಲ್ಲಿ ಇಪ್ಪತ್ತಮೂರು ವರ್ಷಗಳ ಮೇಲೆ, 203ರ ಮಾರ್ಚ್ 7ರಂದು, ಪೆರ್ಪೆತುವಾ ಎಂಬ ಹೆಣ್ಣುಮಗಳು ತನ್ನ ಸಂಗಡಿಗರೊಂದಿಗೆ ಮೃಗಗಳ ಅಖಾಡದಲ್ಲಿ ಸತ್ತಳು. ವಯಸ್ಸು ಸುಮಾರು 22. ಒಳ್ಳೆಯ ಮನೆತನದವಳು, ಓದು ಬರಹ ಬಲ್ಲವಳು, ಮೊಲೆಯುಣ್ಣುವ ಮಗುವಿನ ತಾಯಿ. ಸೆರೆಯಲ್ಲಿದ್ದಷ್ಟು ದಿನ ತನ್ನ ಅನುಭವವನ್ನು ಅವಳು ಲ್ಯಾಟಿನಿನಲ್ಲಿ ಬರೆದಿಟ್ಟಳು. ಅದನ್ನು ಒಬ್ಬ ಸಂಪಾದಕ ಮುನ್ನುಡಿಯೊಂದಿಗೆ, ಅವಳ ಮರಣದ ವಿವರ ಸೇರಿಸಿ, ನಮಗೆ ಮುಟ್ಟಿಸಿದ್ದಾನೆ. ಹಳೆಯ ಕ್ರೈಸ್ತ ಸಾಹಿತ್ಯದಲ್ಲಿ ಹೆಣ್ಣೊಬ್ಬಳು ತಾನೇ ಬರೆದದ್ದು ಎನ್ನಬಹುದಾದ ಬರಹ ಬಲು ಅಪರೂಪ. ಇದು ನಿಜವಾಗಿ ಅವಳದೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ; ವಿದ್ವಾಂಸರಲ್ಲೂ ಇದ್ದಾರೆ. ನ್ಯಾಯವಾದ ಪ್ರಶ್ನೆ. ಅವಳ ಭಾಗದ ಭಾಷೆಯೂ ಸಂಪಾದಕನ ಭಾಗದ ಭಾಷೆಯೂ ಬೇರೆಬೇರೆಯಾಗಿವೆ ಎಂಬುದು ಒಂದು ಉತ್ತರ. ಇನ್ನೊಂದು ಉತ್ತರ ವಿವರಗಳಲ್ಲಿದೆ. ಸೆರೆಮನೆಗೆ ತಳ್ಳಿದ ದಿನ ಅವಳನ್ನು ಕಾಡಿದ್ದು ಕತ್ತಲೆ, ಸೆಕೆ ಮತ್ತು ಮಗುವಿನ ಚಿಂತೆ. ಸಂಘದ ಸೇವಕರು ಕಾವಲುಗಾರರಿಗೆ ಲಂಚ ಕೊಟ್ಟು ಕೈದಿಗಳನ್ನು ಕೆಲವು ಗಂಟೆ ಒಳ್ಳೆಯ ಜಾಗಕ್ಕೆ ಬಿಡಿಸುತ್ತಾರೆ. ಆಗ ಹಸಿದು ಸೋತಿದ್ದ ಮಗುವಿಗೆ ಅವಳು ಹಾಲೂಡುತ್ತಾಳೆ. ಮುಂದೆ ಮಗು ಜೊತೆಗೇ ಇರಲೆಂದು ಅನುಮತಿ ಸಿಕ್ಕಿದಾಗ ಸೆರೆಮನೆ ತನಗೆ ಅರಮನೆಯಾಯಿತು ಎನ್ನುತ್ತಾಳೆ. ನೆರೆತ ತಂದೆ ಬಂದು ಅವಳ ಕಾಲಿಗೆ ಬಿದ್ದು ಅಳುತ್ತಾನೆ. ಅಧಿಕಾರಿ ಹಿಲೇರಿಯಾನಸ್ ಆ ಮುದುಕನನ್ನು ಕೋಲಿನಿಂದ ಹೊಡೆಸಿದಾಗ ಪೆಟ್ಟು ತನಗೇ ಬಿದ್ದಂತಾಯಿತೆಂದು ಬರೆಯುತ್ತಾಳೆ. ಶಿಕ್ಷೆ ಖಚಿತವಾದ ಮೇಲೆ ತಂದೆ ಮಗುವನ್ನು ಕಳಿಸಲು ಒಪ್ಪುವುದಿಲ್ಲ. ಆದರೆ ಮಗು ಆಮೇಲೆ ಮೊಲೆಹಾಲು ಬೇಡಲಿಲ್ಲ, ತನ್ನ ಎದೆಯೂ ಬಾವು ಬಂದು ನೋಯಲಿಲ್ಲ, ಅದು ದೇವರ ದಯೆ ಎನ್ನುತ್ತಾಳೆ. ಎದೆ ಬಾತುಕೊಳ್ಳುವ ನೋವನ್ನು ನೆನೆದು ಹೆದರಿದ್ದು ತಾಯಿ. ಸಂತಳ ಮಹಿಮೆಯನ್ನು ಹೊಗಳಲು ಕೂತ ಕವಿಗೆ ಈ ವಾಕ್ಯ ಹೊಳೆಯುವುದಿಲ್ಲ.

ಇದಾದ ಮೇಲೆ ಏನಾಯಿತು ಎಂಬುದು ನನ್ನ ವಾದದ ತಿರುಳು. ದಿನಚರಿಯ ಬದಲು ಚಿಕ್ಕದಾಗಿ, ಕೋರ್ಟಿನ ಸವಾಲು ಜವಾಬಿನ ರೂಪದಲ್ಲಿ ಬರೆದ ಇನ್ನೊಂದು ಕಥನ ಚಾಲ್ತಿಗೆ ಬಂತು. ಹಬ್ಬದ ದಿನ ಓದಲು ಅನುಕೂಲವಾಗಲಿ ಎಂದಿರಬೇಕು. ಅದರಲ್ಲಿ ಮೂಲದಲ್ಲಿ ಎಲ್ಲೂ ಕಾಣದ ಗಂಡ ಕಾಣಿಸಿಕೊಳ್ಳುತ್ತಾನೆ. ಮನೆಯವರೆಲ್ಲ ಬಂದು ಬೇಡಿಕೊಂಡಾಗ ಪೆರ್ಪೆತುವಾ ಮಗುವನ್ನು ಆಚೆ ತಳ್ಳಿ, ಹೆತ್ತವರನ್ನು ದೂರ ಸರಿಸುತ್ತಾಳೆ. ಮಗುವಿಗಾಗಿ ತಳಮಳಿಸಿದ ತಾಯಿ, ತಂದೆಯ ಮುಪ್ಪಿಗಾಗಿ ಮರುಗಿದ ಮಗಳು ಹೋಗಿ ಕಲ್ಲಿನಂಥ ವೀರಳೊಬ್ಬಳು ಆ ಜಾಗದಲ್ಲಿ ನಿಂತಳು. ತಿದ್ದಿದವನ ಭಕ್ತಿಯನ್ನು ನಾನು ಶಂಕಿಸುವುದಿಲ್ಲ. ಸಂತಳಾದವಳು ಹೀಗೇ ಇರಬೇಕೆಂದು ಅವನು ಪ್ರಾಮಾಣಿಕವಾಗಿ ನಂಬಿದ್ದ. ಆದರೂ ಅವನು ಮಾಡಿದ್ದು ಸತ್ತವಳ ಬಾಯಿಂದ ಅವಳ ಮಾತನ್ನು ಕಿತ್ತುಕೊಂಡ ಕೆಲಸ. ದೀರ್ಘ ಪಾಠ ಹಸ್ತಪ್ರತಿಗಳಲ್ಲಿ ಅಡಗಿಯೇ ಇತ್ತು. ಇಟಲಿಯ ಮಾಂಟೆ ಕಸಿನೋ ಮಠದಲ್ಲಿ ಲೂಕಾಸ್ ಹೋಲ್‌ಸ್ಟೆ ಎಂಬ ವಿದ್ವಾಂಸನಿಗೆ ಅದು ಸಿಕ್ಕಿ, 1663ರಲ್ಲಿ ಅಚ್ಚಾಯಿತು. ಪೆರ್ಪೆತುವಾಳನ್ನು ನಮಗೆ ಮರಳಿ ಕೊಟ್ಟದ್ದು ಹೊಸ ಪವಾಡವಲ್ಲ, ಹಳೆಯ ಹಾಳೆಗಳನ್ನು ತಾಳ್ಮೆಯಿಂದ ತಿರುವಿದ ಪರಿಶ್ರಮ.

ಹಾಗಾದರೆ ಕಥೆಗಳು ಯಾಕೆ ಬೆಳೆದವು? ನಾಲ್ಕನೆಯ ಶತಮಾನದಲ್ಲಿ ಕಾನ್‌ಸ್ಟಂಟೈನನ ಕಾಲದಿಂದ ಕ್ರೈಸ್ತರ ಮೇಲಿನ ದಬ್ಬಾಳಿಕೆ ನಿಂತಿತು. ಸಮಾಧಿಗಳ ಮೇಲೆ ದೇವಾಲಯಗಳು ಎದ್ದವು. ಪ್ರತಿ ದೇವಾಲಯಕ್ಕೆ ವರ್ಷಕ್ಕೊಂದು ಹಬ್ಬ, ಹಬ್ಬಕ್ಕೆ ಓದಲು ಒಂದು ಚರಿತ್ರೆ ಬೇಕಾಯಿತು. ಎಷ್ಟೋ ಕಡೆ ಇದ್ದದ್ದು ಒಂದು ಹೆಸರು ಮತ್ತು ಒಂದು ದಿನ. ಉಳಿದುದನ್ನು ಬರೆಯುವವನು ಇನ್ನೊಬ್ಬ ಸಂತನ ಚರಿತ್ರೆಯಿಂದ ತಂದ. ಸಂತರೆಲ್ಲರ ಪುಣ್ಯವೂ ಒಂದೇ ದೇವರಿಂದ ಬಂದದ್ದಾದ್ದರಿಂದ ಒಬ್ಬರಿಗೆ ಸಲ್ಲುವುದು ಇನ್ನೊಬ್ಬರಿಗೂ ಸಲ್ಲುತ್ತದೆ ಎಂಬ ಸಮಾಧಾನವೂ ಅವನಿಗಿತ್ತು. ಬೆಲ್ಜಿಯಂನ ಯೇಸುಸಭೆಯ ಪಾದ್ರಿ ಹಿಪ್ಪೊಲಿಟ್ ಡೆಲೆಹೇ 1905ರಲ್ಲಿ ಸಂತರ ಐತಿಹ್ಯಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಕ್ರೂರ ನ್ಯಾಯಾಧೀಶ, ಉದ್ದುದ್ದ ವಾದ, ಒಂದಾದ ಮೇಲೊಂದು ಚಿತ್ರಹಿಂಸೆ, ಪ್ರತಿಸಲವೂ ಗಾಯ ಮಾಯುವುದು, ಕೊನೆಗೆ ಕತ್ತಿ: ಈ ಕ್ರಮ ಚರಿತ್ರೆಯಿಂದ ಚರಿತ್ರೆಗೆ ಹೇಗೆ ನಡೆದುಬಂತೆಂದು ಅವರು ಎಳೆಎಳೆಯಾಗಿ ಬಿಡಿಸಿ ತೋರಿಸಿದ್ದಾರೆ. ನಮ್ಮ ಸ್ಥಳಪುರಾಣಗಳನ್ನು ಓದಿದವರಿಗೆ ಇದು ಅಚ್ಚರಿಯಲ್ಲ.

ಈ ಬೆಳವಣಿಗೆಯನ್ನು ಹತ್ತಿರದಿಂದ ನೋಡಬೇಕಾದರೆ ಜರ್ಮನಿಯ ಕೊಲೋನ್ ನಗರಕ್ಕೆ ಹೋಗಬೇಕು. ಅಲ್ಲಿನ ಸಂತ ಉರ್ಸುಲಾ ಚರ್ಚಿನ ಗೋಡೆಯಲ್ಲಿ ಒಂದು ಹಳೆಯ ಲ್ಯಾಟಿನ್ ಶಾಸನವಿದೆ. ಕ್ಲೆಮಾಷಿಯಸ್ ಎಂಬವನು ಕನ್ಯೆಯರು ಕ್ರಿಸ್ತನ ಹೆಸರಿನಲ್ಲಿ ರಕ್ತ ಸುರಿಸಿದ ಜಾಗದಲ್ಲಿ ಈ ದೇವಾಲಯವನ್ನು ಹೊಸದಾಗಿ ಕಟ್ಟಿಸಿದ ಎಂಬುದು ಅದರ ಸಾರಾಂಶ. ಎಷ್ಟು ಮಂದಿ ಎಂದಿಲ್ಲ, ಹೆಸರೂ ಇಲ್ಲ. ಶತಮಾನಗಳು ಕಳೆದ ಮೇಲೆ ಹನ್ನೊಂದು ಎಂಬ ಸಂಖ್ಯೆ ಕಾಣಿಸಿತು. ಆಮೇಲೆ ಅದು ಹನ್ನೊಂದು ಸಾವಿರವಾಯಿತು. ಹನ್ನೊಂದರ ರೋಮನ್ ಅಂಕಿಯ ಪಕ್ಕದಲ್ಲಿ ರಕ್ತಸಾಕ್ಷಿ ಎಂಬುದಕ್ಕೆ ಹಾಕಿದ ಸಂಕ್ಷೇಪಾಕ್ಷರವನ್ನು ಸಾವಿರ ಎಂದು ಓದಿಕೊಂಡಿರಬಹುದೆಂದು ವಿದ್ವಾಂಸರ ಊಹೆ. ಉರ್ಸುಲಾ ಎಂಬ ಬ್ರಿಟನ್ ರಾಜಕುಮಾರಿ, ಅವಳ ಹಡಗುಗಳು, ರೋಮ್ ಯಾತ್ರೆ, ಹೂಣರ ಬಾಣಗಳು ಇವೆಲ್ಲ ಕೂಡಿಕೊಂಡವು. 12ನೆಯ ಶತಮಾನದಲ್ಲಿ ನಗರದ ಕೋಟೆಯನ್ನು ವಿಸ್ತರಿಸುವ ಕಾಲಕ್ಕೆ ಒಂದು ಹಳೆಯ ರೋಮನ್ ಸ್ಮಶಾನ ಸಿಕ್ಕಿತು. ರಾಶಿ ರಾಶಿ ಎಲುಬು. ಹನ್ನೊಂದು ಸಾವಿರಕ್ಕೆ ಇದಕ್ಕಿಂತ ಬೇರೆ ಪುರಾವೆ ಯಾಕೆ ಎಂದು ಊರು ಸಂಭ್ರಮಿಸಿತು. ಆದರೆ ಅಗೆದಂತೆಲ್ಲ ಗಂಡಸರ ಎಲುಬು ಬಂತು, ಮಕ್ಕಳ ಎಲುಬು ಬಂತು. ಕನ್ಯೆಯರ ಗುಂಪಿನಲ್ಲಿ ಗಂಡಸರೂ ಕೂಸುಗಳೂ ಎಲ್ಲಿಂದ? ಆಗ ಶೋನಾವ್ ಮಠದ ಎಲಿಜಬೆತ್ ಎಂಬ ಸನ್ಯಾಸಿನಿಯನ್ನು ಕೇಳಿದರು. ಅವಳು ತನಗಾದ ದರ್ಶನಗಳಲ್ಲಿ ಆ ಗಂಡಸರಿಗೆಲ್ಲ ಹೆಸರು ಕೊಟ್ಟಳು. ಅವರು ಜೊತೆಗೆ ಬಂದ ಬಿಷಪ್ಪರು, ಬಂಧುಗಳು ಎಂದು ವಿವರಿಸಿದಳು. ಯಾವ ಪಟ್ಟಿಯಲ್ಲೂ ಇಲ್ಲದ ಒಬ್ಬ ಪೋಪ್ ಕೂಡ ಹುಟ್ಟಿಕೊಂಡ. ಆ ಎಲುಬುಗಳನ್ನು ಗೋಡೆಯುದ್ದಕ್ಕೂ ಜೋಡಿಸಿದ ಕೋಣೆ ಅದೇ ಚರ್ಚಿನಲ್ಲಿ ಇಂದಿಗೂ ಇದೆ. ಎಲುಬು ಕಥೆಯನ್ನು ಅಲ್ಲಗಳೆಯುತ್ತಿತ್ತು. ಕಥೆಯನ್ನು ಬಿಡಲಾರದೆ ಜನ ಎಲುಬಿಗೇ ಹೊಸ ಕಥೆ ಕಟ್ಟಿದರು. ಆ ಮೂಲ ಶಾಸನದ ಹೆಸರಿಲ್ಲದ ಹೆಣ್ಣುಮಕ್ಕಳು ಈ ಗದ್ದಲದಲ್ಲಿ ಎಲ್ಲಿ ಹೋದರು ಎಂದು ಕೇಳಿದವರು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಆ ಕಾಲದವರಿಗೆ ಸತ್ಯ ಮತ್ತು ಕಥೆ ಬೇರೆ ಎಂಬ ಅರಿವೇ ಇರಲಿಲ್ಲ, ನಮ್ಮ ಅಳತೆಗೋಲಿನಿಂದ ಅವರನ್ನು ಅಳೆಯುವುದು ಅನ್ಯಾಯ ಎನ್ನುತ್ತಾರೆ. ಕೇಳಲು ಉದಾರವಾಗಿದೆ, ಆದರೆ ಪುರಾವೆ ಇದನ್ನು ಒಪ್ಪುವುದಿಲ್ಲ. ಪೆರ್ಪೆತುವಾಳ ಹಬ್ಬದಂದು ಪ್ರವಚನ ಮಾಡುತ್ತಿದ್ದ ಸಂತ ಅಗಸ್ಟೀನನೇ, ಅವಳ ದಿನಚರಿಯಲ್ಲಿ ಬರುವ ಕನಸೊಂದನ್ನು ಒಬ್ಬನು ಧಾರ್ಮಿಕ ವಾದಕ್ಕೆ ಆಧಾರವಾಗಿ ಬಳಸಿದಾಗ, ಅದು ಧರ್ಮಗ್ರಂಥವಲ್ಲ ಎಂದು ತಡೆದ; ಬರೆದವಳು ಅವಳೋ ಬೇರೆಯವರೋ ಎಂಬ ಎಚ್ಚರವನ್ನೂ ಸೇರಿಸಿದ. ಪೋಪ್ ಗೆಲಾಸಿಯಸನ ಹೆಸರಿನಲ್ಲಿ ಬಂದಿರುವ, ಸುಮಾರು 6ನೆಯ ಶತಮಾನದ ಒಂದು ಪಟ್ಟಿ, ಸಂತ ಜಾರ್ಜ್ ಮುಂತಾದವರ ಮರಣಕಥನಗಳನ್ನು ಬರೆದವರು ಯಾರೆಂದು ತಿಳಿಯದಾದ್ದರಿಂದ ರೋಮಿನ ಧರ್ಮಸಭೆಯಲ್ಲಿ ಓದಬಾರದೆಂದು ಹೇಳಿ, ಆ ಸಂತರ ಮೇಲಿನ ಗೌರವ ಮಾತ್ರ ಹಾಗೆಯೇ ಇರುತ್ತದೆ ಎನ್ನುತ್ತದೆ. ಸಂತ ಬೇರೆ, ಸಂತನ ಬಗ್ಗೆ ಬರೆದದ್ದು ಬೇರೆ ಎಂಬ ವಿವೇಕ ಅಷ್ಟು ಹಿಂದೆಯೇ ಇತ್ತು. 1120ರ ಸುಮಾರಿಗೆ ಫ್ರಾನ್ಸಿನ ನೊಜಾನ್ ಮಠದ ಅಧಿಪತಿ ಗೀಬೆರ್ ಪವಿತ್ರ ಅವಶೇಷಗಳ ಮೇಲೆ ಒಂದು ಗ್ರಂಥವನ್ನೇ ಬರೆದ. ಸ್ನಾನಿಕ ಯೊವಾನ್ನನ ತಲೆ ತಮ್ಮಲ್ಲಿದೆ ಎಂದು ಕಾನ್‌ಸ್ಟಾಂಟಿನೋಪಲಿನವರೂ ಹೇಳುತ್ತಾರೆ, ಫ್ರಾನ್ಸಿನ ಆಂಜೆಲಿ ಮಠದವರೂ ಹೇಳುತ್ತಾರೆ. ಆ ಮಹಾಪುರುಷನಿಗೆ ಎರಡು ತಲೆಯಿತ್ತೇ ಎಂಬುದು ಅವನ ನೇರ ಪ್ರಶ್ನೆ. ಇಬ್ಬರಲ್ಲಿ ಒಬ್ಬರಂತೂ ಸುಳ್ಳಾಡುತ್ತಿದ್ದಾರೆ, ದೇವರ ವಿಷಯದಲ್ಲಿ ಸುಳ್ಳು ಸಲ್ಲದು ಎಂಬುದು ಅವನ ನೋವು. ಇನ್ನು ಯಾಕೋಬಸ್ ದ ವೊರಾಜಿನೆ. 13ನೆಯ ಶತಮಾನದಲ್ಲಿ ಅವನು ಸಂಕಲಿಸಿದ 'ಸುವರ್ಣ ಐತಿಹ್ಯ' ಯುರೋಪಿನ ಮನೆಮಾತಾದ ಗ್ರಂಥ. ಅದರ ಸುಮಾರು ಸಾವಿರ ಹಸ್ತಪ್ರತಿಗಳು ಉಳಿದಿವೆ. ಪವಾಡಗಳ ಭಂಡಾರವೇ ಆದ ಈ ಪುಸ್ತಕದಲ್ಲಿ ಸಂತ ಮಾರ್ಗರೇಟಳನ್ನು ಘಟಸರ್ಪ ನುಂಗಿ, ಅವಳು ಶಿಲುಬೆಯ ಗುರುತು ಹಾಕಿದಾಗ ಅದರ ಹೊಟ್ಟೆ ಒಡೆದು ಹೊರಬಂದಳೆಂಬ ಭಾಗ ಬಂದಾಗ ಯಾಕೋಬಸ್ ನಿಂತು, ಇದು ನಂಬತಕ್ಕದ್ದಲ್ಲ ಎಂದು ಓದುಗರಿಗೆ ತಿಳಿಸುತ್ತಾನೆ. ಆ ಚಿತ್ರವನ್ನೇ ಚರ್ಚುಗಳ ಗಾಜಿನ ಕಿಟಕಿಗಳಲ್ಲಿ ಬರೆಸಿದವರು ಆ ಮಾತಿಗೆ ಕಿವಿಗೊಡಲಿಲ್ಲ, ಅದು ಬೇರೆ ವಿಷಯ. ಎಚ್ಚರಿಕೆಯಂತೂ ಆ ಕಾಲದೊಳಗಿಂದಲೇ ಬಂತು.

ಈ ಎಚ್ಚರಿಕೆ ಒಂದು ಸಂಸ್ಥೆಯ ರೂಪ ತಳೆದದ್ದು 17ನೆಯ ಶತಮಾನದಲ್ಲಿ. 1607ರಲ್ಲಿ ಯೇಸುಸಭೆಯ ಹೆರಿಬರ್ಟ್ ರೋಸ್ವೈಡ್, ಬೆಲ್ಜಿಯಂನ ಮಠಗಳಲ್ಲಿರುವ ಹಸ್ತಪ್ರತಿಗಳಿಂದ ಸಂತಚರಿತ್ರೆಗಳನ್ನು ಶುದ್ಧವಾಗಿ ಹದಿನೆಂಟು ಸಂಪುಟಗಳಲ್ಲಿ ಅಚ್ಚು ಹಾಕುವ ಯೋಜನೆ ಮುಂದಿಟ್ಟ. ಅದನ್ನು ಕಂಡ ಕಾರ್ಡಿನಲ್ ಬೆಲ್ಲರ್ಮಿನ್, ಈ ಮನುಷ್ಯ ಇನ್ನೂರು ವರ್ಷ ಬದುಕುತ್ತೇನೆಂದು ತಿಳಿದಿದ್ದಾನೆಯೇ ಎಂದನಂತೆ. ಇನ್ನೂರು ವರ್ಷವೂ ಸಾಲಲಿಲ್ಲ. ರೋಸ್ವೈಡನ ನಂತರ ಜಾನ್ ಬೋಲಾಂಡ್ ಕೆಲಸ ಕೈಗೆತ್ತಿಕೊಂಡ. ಅವನ ಹೆಸರಿನಿಂದಲೇ ಈ ವಿದ್ವಾಂಸರ ಬಳಗಕ್ಕೆ ಬೋಲಾಂಡಿಸ್ಟರು ಎಂದು ಹೆಸರಾಯಿತು. ಜನವರಿ ತಿಂಗಳ ಸಂತರ ಎರಡು ಸಂಪುಟ 1643ರಲ್ಲಿ ಆಂಟ್‌ವರ್ಪ್‌ನಲ್ಲಿ ಹೊರಬಂದವು. 1940ರವರೆಗೆ ಒಟ್ಟು 68 ದೊಡ್ಡ ಸಂಪುಟಗಳು. ಅವರ ಪದ್ಧತಿ ಸರಳ, ಶ್ರಮ ಮಾತ್ರ ಅಪಾರ. ಒಬ್ಬ ಸಂತನ ಬಗ್ಗೆ ಸಿಗುವ ಎಲ್ಲ ಪಾಠಗಳನ್ನೂ ತಂದು ಪಕ್ಕಪಕ್ಕದಲ್ಲಿಟ್ಟು, ಯಾವುದು ಹಳೆಯದು, ಯಾವುದು ಯಾವುದರಿಂದ ನಕಲಾದದ್ದು, ಬರೆದವನಿಗೆ ತಿಳಿಯುವ ಅವಕಾಶವಿತ್ತೇ ಎಂದು ನೋಡುವುದು. ತೀರ್ಮಾನವನ್ನು ಮುಚ್ಚಿಡದೆ ಹೇಳುವುದು.

ಹೇಳಿದ್ದಕ್ಕೆ ಬೆಲೆ ತೆತ್ತವನು ಡ್ಯಾನಿಯಲ್ ಪಾಪೆಬ್ರೋಕ್. ಕಾರ್ಮೆಲ್ ಸಭೆಯವರು ತಮ್ಮ ಸಂಘವನ್ನು ಸ್ಥಾಪಿಸಿದವನು ಹಳೆಯ ಒಡಂಬಡಿಕೆಯ ಪ್ರವಾದಿ ಎಲೀಯನೇ ಎಂದು ನಂಬಿದ್ದರು. ದಾಖಲೆಗಳು 12ನೆಯ ಶತಮಾನಕ್ಕಿಂತ ಹಿಂದೆ ಹೋಗುವುದಿಲ್ಲ ಎಂದು ಪಾಪೆಬ್ರೋಕ್ ಬರೆದ. ದೂರುಗಳು ಹೋದವು. 1695ರಲ್ಲಿ ಸ್ಪೇನಿನ ಧರ್ಮವಿಚಾರಣಾ ನ್ಯಾಯಾಲಯ ಆಗಿನವರೆಗೆ ಹೊರಬಂದಿದ್ದ ಸಂಪುಟಗಳಲ್ಲಿ ಹದಿನಾಲ್ಕನ್ನು ನಿಷೇಧಿಸಿತು. ನಿಷೇಧ ಎತ್ತಿದ್ದು 1715ರಲ್ಲಿ; ಪಾಪೆಬ್ರೋಕ್ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಅವನ ದೊಡ್ಡತನವನ್ನು ನಾನು ಇದಕ್ಕಿಂತ ಹೆಚ್ಚಾಗಿ ಕಾಣುವುದು ಇನ್ನೊಂದು ಪ್ರಸಂಗದಲ್ಲಿ. ಫ್ರಾನ್ಸಿನ ಹಳೆಯ ಮಠಗಳ ದಾನಪತ್ರಗಳಲ್ಲಿ ಬಹಳಷ್ಟು ಖೋಟಾ ಎಂದು ಪಾಪೆಬ್ರೋಕ್ ವಾದಿಸಿದ್ದ. ಆ ಮಠಗಳ ಪರವಾಗಿ ಬೆನೆಡಿಕ್ಟ್ ಸಭೆಯ ಜಾನ್ ಮಾಬಿಯೋನ್ ಉತ್ತರ ಬರೆದ. ಬೈಗುಳವಿಲ್ಲದೆ, ಶಾಯಿ, ಲಿಪಿ, ಮುದ್ರೆ, ತೇದಿ ಹಾಕುವ ಕ್ರಮ ಇವನ್ನೆಲ್ಲ ಪರೀಕ್ಷಿಸಿ ನಿಜವಾದ ಪತ್ರವನ್ನು ಖೋಟಾ ಪತ್ರದಿಂದ ಬೇರ್ಪಡಿಸುವ ಶಾಸ್ತ್ರವನ್ನೇ ಕಟ್ಟಿದ. 1681ರ ಆ ಗ್ರಂಥವನ್ನು ಓದಿ ಪಾಪೆಬ್ರೋಕ್, ತನ್ನ ವಾದ ಬಿದ್ದುಹೋಯಿತು, ಬಿದ್ದದ್ದಕ್ಕೆ ಸಂತೋಷವಾಯಿತು ಎಂಬರ್ಥದಲ್ಲಿ ಎದುರಾಳಿಗೆ ಪತ್ರ ಬರೆದ. ಇತಿಹಾಸ ಸಂಶೋಧನೆಯ ಇಂದಿನ ಶಿಸ್ತಿನ ಒಂದು ಬೇರು ಇಲ್ಲಿದೆ. ಆ ಬೇರು ಇಳಿದದ್ದು ಸನ್ಯಾಸಿಗಳ ಮಠಗಳ ಮಣ್ಣಿನಲ್ಲಿ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ವಿದ್ವಾಂಸರ ಈ ಶೋಧನೆಯಿಂದ ಸಾಮಾನ್ಯ ಭಕ್ತರ ಗತಿಯೇನು? ಈ ಪ್ರಶ್ನೆಗೆ ನಮ್ಮ ಮೈಸೂರಿನ ಜೊತೆಗೇ ಸಂಬಂಧವಿದೆ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆಯ ಸ್ಮಶಾನದಲ್ಲಿ ಒಂದು ಗೂಡುಸಮಾಧಿ ಸಿಕ್ಕಿತು. ಬಾಯಿಗೆ ಮೂರು ಸುಟ್ಟಮಣ್ಣಿನ ಹಲಗೆ ಮುಚ್ಚಿದ್ದರು. ಅದರ ಮೇಲೆ ಲಂಗರು, ಬಾಣ, ಗರಿಯ ಚಿತ್ರಗಳು, ಅಕ್ಷರಗಳು. ಹಲಗೆಗಳಿದ್ದ ಕ್ರಮದಲ್ಲಿ ಓದಿದರೆ ಅರ್ಥವಾಗುವುದಿಲ್ಲ. ಮೊದಲನೆಯದನ್ನು ಕೊನೆಗೆ ಇಟ್ಟರೆ ಫಿಲುಮೆನಾ ಎಂಬವಳಿಗೆ ಶಾಂತಿ ಕೋರುವ ಸಾಲಾಗುತ್ತದೆ. ಒಳಗೆ ಹದಿಹರೆಯದ ಹುಡುಗಿಯ ಎಲುಬು. 1805ರಲ್ಲಿ ಅದನ್ನು ನೇಪಲ್ಸ್ ಕಡೆಯ ಮುಞಾನೋ ಎಂಬ ಊರಿಗೆ ಒಯ್ದರು. 1833ರಲ್ಲಿ ನೇಪಲ್ಸಿನ ಒಬ್ಬ ಸನ್ಯಾಸಿನಿ, ಸಂತಳೇ ತನಗೆ ತನ್ನ ಕಥೆ ಹೇಳಿದಳೆಂದು ತಿಳಿಸಿದಳು: ಗ್ರೀಕ್ ರಾಜನ ಮಗಳು, ಚಕ್ರವರ್ತಿ ಡಯೊಕ್ಲೀಷಿಯನನನ್ನು ಮದುವೆಯಾಗಲು ಒಲ್ಲದವಳು, ಹಿಂಸೆಪಟ್ಟು ಸತ್ತವಳು. ಭಕ್ತಿ ಲೋಕವೆಲ್ಲ ಹಬ್ಬಿತು. ಆಮೇಲೆ ಪುರಾತತ್ತ್ವಜ್ಞ ಒರಾಜಿಯೊ ಮರೂಕ್ಕಿ ಆ ಹಲಗೆಗಳನ್ನು ಪರಿಶೀಲಿಸಿ, ಅವು ಅದಲುಬದಲಾಗಿರುವುದಕ್ಕೆ ಕಾರಣ ಹಳೆಯ ಸಮಾಧಿಯ ಹಲಗೆಗಳನ್ನು ಇನ್ನೊಂದಕ್ಕೆ ಮರುಬಳಕೆ ಮಾಡಿದ್ದು ಎಂದರು. ಅಂದರೆ ಹೆಸರು ಒಬ್ಬಳದು, ಎಲುಬು ಇನ್ನೊಬ್ಬಳದು. 1961ರಲ್ಲಿ ರೋಮ್ ಅವಳ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಲು ಹೇಳಿತು. ಅಷ್ಟರಲ್ಲಿ ಮೈಸೂರಿನಲ್ಲಿ, 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ ಸಂತ ಫಿಲೋಮಿನಾ ಚರ್ಚು ತನ್ನ ಎರಡು ಗೋಪುರಗಳೊಂದಿಗೆ ಎದ್ದುನಿಂತು, ನಗರದ ಗುರುತೇ ಆಗಿಬಿಟ್ಟಿತ್ತು.

ಹಾಗಾದರೆ ಅಲ್ಲಿ ಮೇಣದಬತ್ತಿ ಹಚ್ಚುವ ತಾಯಿಗೆ ಮರೂಕ್ಕಿಯವರ ಲೇಖನದಿಂದ ಮೋಸವಾಯಿತೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅವಳ ಪ್ರಾರ್ಥನೆ ಮೂರು ಹಲಗೆಗಳ ಕ್ರಮವನ್ನು ಆಧರಿಸಿಲ್ಲ. ಧರ್ಮಸಭೆ ಹಬ್ಬವನ್ನು ಕೈಬಿಟ್ಟಿತೇ ಹೊರತು ಆ ಹೆಸರಿನ ಚರ್ಚಿಗೆ ಬೀಗ ಹಾಕಲಿಲ್ಲ. ಮೋಸವಾದದ್ದು ಬೇರೆಯವರಿಗೆ. ಆ ಗೂಡಿನಲ್ಲಿ ಮಲಗಿದ್ದ ಹುಡುಗಿ ಯಾರೋ ಒಬ್ಬರ ಮಗಳು. ಅವಳನ್ನು ಮಣ್ಣು ಮಾಡಿದವರಿಗೆ ಹೊಸ ಹಲಗೆ ಬರೆಸುವ ಅನುಕೂಲವಿರಲಿಲ್ಲವೋ ಏನೋ, ಹಳೆಯದನ್ನೇ ಮುಚ್ಚಿದರು. ಅವಳಿಗೆ ಇಲ್ಲದ ರಾಜಮನೆತನವನ್ನೂ ಚಿತ್ರಹಿಂಸೆಯನ್ನೂ ಅಂಟಿಸಿ, ಅವಳು ನಿಜವಾಗಿ ಯಾರಾಗಿದ್ದಳು ಎಂಬ ಪ್ರಶ್ನೆಗೆ ಜಾಗವೇ ಇಲ್ಲದಂತೆ ಮಾಡಿದರು. ಬಡವರ ಮನೆಯ ಹೆಣ್ಣುಮಗುವಿನ ಸಮಾಧಿ ಎಂದರೆ ಗೌರವಕ್ಕೆ ಸಾಲದೇ? ಭಕ್ತರಿಗೆ ನಿಜ ಹೇಳಿದರೆ ಅವರು ತಡೆದುಕೊಳ್ಳಲಾರರು ಎನ್ನುವವರು ಭಕ್ತರನ್ನು ಕೀಳಂದಾಜು ಮಾಡುತ್ತಿದ್ದಾರೆ.

ಮೂರನೆಯ ಆಕ್ಷೇಪ ಎದುರು ಪಕ್ಷದ್ದು. ಇಷ್ಟೆಲ್ಲ ಕಟ್ಟುಕಥೆಯಾದರೆ ಪೂರ್ತಿ ಎಸೆದುಬಿಡಿ, ಯಾಕೆ ಹಿಡಿದುಕೊಂಡಿದ್ದೀರಿ ಎನ್ನುತ್ತಾರೆ. ಇದು ಅವಸರದ ಮಾತು. ಅಲೆಕ್ಸಾಂಡ್ರಿಯದ ಸಂತ ಕ್ಯಾಥರೀನ್ ಐವತ್ತು ಮಂದಿ ಪಂಡಿತರನ್ನು ವಾದದಲ್ಲಿ ಸೋಲಿಸಿದಳೆಂದು, ಅವಳಿಗಾಗಿ ಮಾಡಿದ ಮೊಳೆಚಕ್ರ ಮುರಿದುಬಿತ್ತೆಂದು ಕಥೆ. ಅಂಥವಳೊಬ್ಬಳು ಇದ್ದಳೆನ್ನಲು ಅವಳ ಕಾಲದ ಸಾಕ್ಷ್ಯವಿಲ್ಲ. 1969ರಲ್ಲಿ ಅವಳ ಹೆಸರು ಸಾರ್ವತ್ರಿಕ ಪಂಚಾಂಗದಿಂದ ಹೋಯಿತು. 2002ರಲ್ಲಿ, ಬೇಕಾದವರು ಆಚರಿಸಬಹುದಾದ ಹಬ್ಬವಾಗಿ ಮರಳಿತು. ಆದರೆ 1431ರಲ್ಲಿ ರುವಾನ್ ನಗರದ ನ್ಯಾಯಪೀಠದ ಮುಂದೆ ಸುಮಾರು ಹತ್ತೊಂಬತ್ತು ವರ್ಷದ ಜೋನ್ ಆಫ್ ಆರ್ಕ್, ತನಗೆ ಕೇಳಿಸುವ ದನಿಗಳು ಸಂತ ಕ್ಯಾಥರೀನಳದು, ಸಂತ ಮಾರ್ಗರೇಟಳದು ಎಂದಳು. ಜೋನ್ ಕಟ್ಟುಕಥೆಯಲ್ಲ, ಅವಳ ವಿಚಾರಣೆಯ ಕಡತ ದಿನದಿನದ್ದೂ ನಮ್ಮ ಕೈಯಲ್ಲಿದೆ. ವಿದ್ವಾಂಸರ ಸಭೆಗೆ ಒಬ್ಬಳೇ ಎದುರು ನಿಂತು ಉತ್ತರ ಕೊಟ್ಟ ಈ ಹಳ್ಳಿಯ ಹುಡುಗಿಗೆ, ಪಂಡಿತರ ಸಭೆಯನ್ನು ಎದುರಿಸಿದ ಕ್ಯಾಥರೀನಳ ಕಥೆ ಚಿಕ್ಕಂದಿನಿಂದ ಗೊತ್ತಿತ್ತು. ಇದ್ದಳೋ ಇಲ್ಲವೋ ತಿಳಿಯದ ಸಂತಳು ಇದ್ದ ಹುಡುಗಿಗೆ ಧೈರ್ಯ ಕೊಟ್ಟಳು. ಹಾಗಾಗಿ ಐತಿಹ್ಯವೂ ಇತಿಹಾಸದ ಒಂದು ವಸ್ತು: ಅದು ಸಂತನ ಬಗ್ಗೆ ಹೇಳದಿದ್ದರೂ ಅದನ್ನು ಹೇಳಿದವರ, ಕೇಳಿದವರ ಬಗ್ಗೆ ಹೇಳುತ್ತದೆ.

ಪ್ರಶ್ನೆ ಕೇಳಿದ್ದರಿಂದ ಕಥೆಯ ಬೆಲೆ ಹೆಚ್ಚಿದ ನಿದರ್ಶನವೂ ಇದೆ, ಅದೂ ನಮ್ಮ ದೇಶದ್ದೇ. ಬಾರ್ಲಾಮ್ ಮತ್ತು ಜೋಸಫತ್ ಎಂಬ ಇಬ್ಬರು ಸಂತರ ಕಥೆ ಮಧ್ಯಯುಗದ ಯುರೋಪಿನಲ್ಲಿ ಹೆಚ್ಚು ಕಡಿಮೆ ಎಲ್ಲ ಭಾಷೆಗಳಿಗೂ ಹೋಯಿತು. ರೋಮಿನ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರಿಗೆ ನವೆಂಬರ್ 27 ಎಂಬ ದಿನವೂ ಗೊತ್ತಾಯಿತು. ಜೋಸಫತ್ ಭಾರತದ ಒಬ್ಬ ರಾಜಕುಮಾರ. ಅವನು ಕ್ರೈಸ್ತನಾಗುತ್ತಾನೆಂದು ಜೋಯಿಸರಿಂದ ತಿಳಿದ ತಂದೆ ದುಃಖ ಕಾಣದಂತೆ ಅವನನ್ನು ಅರಮನೆಯಲ್ಲೇ ಬೆಳೆಸುತ್ತಾನೆ. ಹೊರಗೆ ಹೋದ ರಾಜಕುಮಾರ ರೋಗಿಯನ್ನು ಕಾಣುತ್ತಾನೆ, ಮುದುಕನನ್ನು ಕಾಣುತ್ತಾನೆ, ಸಾವೆಂದರೇನೆಂದು ತಿಳಿಯುತ್ತಾನೆ, ಬಾರ್ಲಾಮ್ ಎಂಬ ತಪಸ್ವಿಯಿಂದ ಉಪದೇಶ ಪಡೆದು ಕೊನೆಗೆ ರಾಜ್ಯ ಬಿಡುತ್ತಾನೆ. ಕೇಳುಗರಿಗೆ ಇದು ಯಾರ ಕಥೆಯೆಂದು ಹೇಳಬೇಕಾಗಿಲ್ಲ. ಬೋಧಿಸತ್ವನ ಕಥೆ ಅರಬ್ಬಿಗೆ ಹೋಗಿ, ಅಲ್ಲಿಂದ ಜಾರ್ಜಿಯನ್ ಭಾಷೆಗೆ ಬಂದು ಕ್ರೈಸ್ತ ಕಥೆಯಾಗಿ, ಆಥೋಸ್ ಬೆಟ್ಟದ ಸನ್ಯಾಸಿ ಯೂಥೀಮಿಯಸನ ಕೈಯಲ್ಲಿ ಗ್ರೀಕಿಗೆ ಇಳಿದು, 11ನೆಯ ಶತಮಾನದಲ್ಲಿ ಲ್ಯಾಟಿನ್ ಸೇರಿತು. ಈ ದಾರಿಯನ್ನು ವಿದ್ವಾಂಸರು 19ನೆಯ ಶತಮಾನದ ನಡುವಿನಿಂದ ಹಂತಹಂತವಾಗಿ ಗುರುತಿಸಿದರು. ಕಥೆಯನ್ನು ಹಾಗೆಯೇ ನಂಬಿದ್ದರೆ ಜೋಸಫತ್ ಪಟ್ಟಿಯ ಇನ್ನೊಬ್ಬ ಸಂತನಾಗಿ ಉಳಿಯುತ್ತಿದ್ದ. ಸುಳ್ಳೆಂದು ಎಸೆದಿದ್ದರೂ ನಷ್ಟವೇ. ಹುಡುಕಿದ್ದರಿಂದ, ಬುದ್ಧನ ತ್ಯಾಗ ನೂರಾರು ವರ್ಷ ಯುರೋಪಿನ ಮಠಗಳಲ್ಲಿ ಬುದ್ಧನ ಹೆಸರೇ ಕೇಳದ ಜನರ ಮನಸ್ಸನ್ನು ಮುಟ್ಟಿತ್ತು ಎಂಬ ಸಂಗತಿ ತಿಳಿಯಿತು. ಯಾವ ಪವಾಡದ ಕಥೆಗೂ ಇದು ಕಡಿಮೆಯಲ್ಲ ಎಂದೇ ನನ್ನ ಭಾವನೆ.

ಹಬ್ಬದ ದಿನ ಹಂಚುವ ಕಿರುಪುಸ್ತಕಕ್ಕೋ, ಧರ್ಮಕೇಂದ್ರದ ಪತ್ರಿಕೆಗೋ, ಶಾಲೆಯ ಮಕ್ಕಳಿಗೋ ಸಂತರ ಜೀವನವನ್ನು ಕನ್ನಡದಲ್ಲಿ ಬರೆಯುವ ಎಲ್ಲರಲ್ಲೂ ನನ್ನದೊಂದು ಕೋರಿಕೆ. ಈ ಕಥೆಯನ್ನು ಮೊದಲು ಬರೆದವರು ಯಾರು, ಸಂತರು ತೀರಿಕೊಂಡು ಎಷ್ಟು ವರ್ಷಕ್ಕೆ ಬರೆದರು ಎಂಬ ಎರಡು ವಾಕ್ಯವನ್ನು ಮೊದಲ ಪುಟದಲ್ಲೇ ಹಾಕಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದೇ ಹಾಕಿ. ಆಮೇಲೆ ಕಥೆಯನ್ನು ಬೇಕಾದಷ್ಟು ಚೆನ್ನಾಗಿ ಹೇಳಿ. ಇನ್ನು ಓದಲು ಹೊರಟವರಿಗೆ ಒಂದು ಮಾತು: ಪೆರ್ಪೆತುವಾಳ ದಿನಚರಿಯಿಂದ ಮೊದಲು ಮಾಡಿ. ಅದು ಬಲು ಚಿಕ್ಕದು, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದು.